ಬಾಗಿದರೂ ಮುರಿಯದ ಆಂಟೆನಾ: ಆನೆಯ ಕೊರಳಿನಿಂದ ದ್ರವಲೋಹದವರೆಗೆ

ಚಿಕ್ಕಮಗಳೂರು: ಮೂಡಿಗೆರೆ ಸುತ್ತಲಿನ ಕಾಫಿ ತೋಟಗಳಲ್ಲಿ ಬೆಳಗಿನ ಕೆಲಸ ಆರಂಭವಾಗುವ ಮುನ್ನ ಕೇಳಿಬರುವ ಪ್ರಶ್ನೆ ಒಂದೇ: ಆನೆ ಎಲ್ಲಿದೆ? ಮಂಜು ಕವಿದ ಹೊತ್ತಿನಲ್ಲಿ ಹತ್ತು ಮಾರು ದೂರದ ಕಾಫಿ ಗಿಡಗಳ ನಡುವೆ ನಿಂತ ಕಾಡಾನೆಯೂ ಕಣ್ಣಿಗೆ ಬೀಳುವುದಿಲ್ಲ. ಲೈನ್ ಮನೆಗಳಿಂದ ಕೆಲಸಕ್ಕೆ ಹೊರಡುವ ಕಾರ್ಮಿಕರಿಗೂ ತೋಟದ ದಾರಿಯಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳಿಗೂ ಈ ಪ್ರಶ್ನೆಗೆ ಸಕಾಲದಲ್ಲಿ ಉತ್ತರ ಸಿಗುವುದು ಜೀವದ ಮಾತಾಗಿದೆ.

ಆ ಉತ್ತರವನ್ನು ಆನೆಯಿಂದಲೇ ಪಡೆಯುವ ಸಾಧನ ರೇಡಿಯೊ ಕಾಲರ್. ಹಿಂಡಿನ ಒಂದು ಆನೆಯ ಕೊರಳಿಗೆ ಪಟ್ಟಿ ಕಟ್ಟಿದರೆ, ಅದರಲ್ಲಿರುವ ಉಪಕರಣ ಉಪಗ್ರಹಗಳ ನೆರವಿನಿಂದ ತಾನಿರುವ ಸ್ಥಳವನ್ನು ಗುರುತಿಸಿ ಅರಣ್ಯ ಇಲಾಖೆಗೆ ತಿಳಿಸುತ್ತದೆ. ಅಲ್ಲಿಂದ ಎಚ್ಚರಿಕೆಯ ಸಂದೇಶ ಗ್ರಾಮಸ್ಥರ ಮೊಬೈಲಿಗೆ ಹೋಗಬಲ್ಲದು. ಬ್ಯಾಟರಿ, ಚಿಪ್ ಮುಂತಾದವನ್ನು ಗಟ್ಟಿ ಪೆಟ್ಟಿಗೆಯೊಳಗೆ ಭದ್ರಪಡಿಸಬಹುದು. ಆಂಟೆನಾದ ಸ್ಥಿತಿ ಹಾಗಲ್ಲ. ಲೋಹದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಅದು ಮೂಕವಾಗುತ್ತದೆ. ಹೊರಗಿಟ್ಟರೆ ಕೆಸರು, ಮಳೆ, ಮರದ ತಿಕ್ಕಾಟ ಎಲ್ಲವನ್ನೂ ಸಹಿಸಬೇಕಾಗುತ್ತದೆ. ಬಾಗಿದರೂ ಮುರಿಯದ, ಎಳೆದರೂ ತುಂಡಾಗದ ಆಂಟೆನಾ ತಯಾರಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಜಗತ್ತಿನ ಹಲವು ಪ್ರಯೋಗಾಲಯಗಳು ಕಳೆದ ಎರಡು ದಶಕಗಳಿಂದ ಉತ್ತರ ಹುಡುಕುತ್ತಿವೆ. ವಾಹಕ ಶಾಯಿ, ತೆಳುಪದರ, ಕೊನೆಗೆ ನೀರಿನಂತೆ ಹರಿಯುವ ಲೋಹವೂ ಈ ಹುಡುಕಾಟದಲ್ಲಿ ಸೇರಿವೆ.

ಮಲೆನಾಡಿಗೆ ಏಕೆ ಮುಖ್ಯ?

ರಾಜ್ಯದಲ್ಲಿ 2023ರಲ್ಲಿ ನಡೆದ ಗಣತಿಯಂತೆ ಆನೆಗಳ ಸಂಖ್ಯೆ 6,395. ಡಿಎನ್‌ಎ ಆಧಾರದ ಮೇಲೆ ನಡೆದು 2025ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅಂದಾಜಿನಂತೆ 6,013. ಎರಡೂ ಲೆಕ್ಕಗಳಲ್ಲಿ ದೇಶದಲ್ಲಿ ಕರ್ನಾಟಕಕ್ಕೇ ಮೊದಲ ಸ್ಥಾನ. ಈ ಆನೆಗಳಲ್ಲಿ ಒಂದಷ್ಟು ಕಾಡಿನ ಗಡಿ ದಾಟಿ ಹಾಸನ, ಕೊಡಗು, ಚಿಕ್ಕಮಗಳೂರು ಜಿಲ್ಲೆಗಳ ತೋಟಗಳಲ್ಲಿಯೇ ದಿನ ಕಳೆಯುತ್ತಿವೆ.

2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರಿನಲ್ಲಿ ಕಾಡಾನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾದಾಗ ಜನರ ಆಕ್ರೋಶ ಸ್ಥಳಕ್ಕೆ ಬಂದ ಶಾಸಕರ ಮೇಲೆಯೇ ತಿರುಗಿತ್ತು. ಅದೇ ತಿಂಗಳು ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ರಚಿಸುವ ತೀರ್ಮಾನವನ್ನು ಸರ್ಕಾರ ಪ್ರಕಟಿಸಿತು. ಆನೆಯನ್ನು ಓಡಿಸುವುದಕ್ಕಿಂತ ಮೊದಲು ಅದು ಇರುವ ಜಾಗ ತಿಳಿದಿರಬೇಕು ಎಂಬ ಸರಳ ಸತ್ಯ ಆಗ ಮತ್ತೊಮ್ಮೆ ಎದುರಾಯಿತು.

ನೆರೆಯ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಭಾಗಗಳಲ್ಲಿ ಆನೆಗಳಿಗೆ ಕಾಲರ್ ಅಳವಡಿಸಿ, ಎಸ್‌ಎಂಎಸ್ ಮೂಲಕ ಜನರನ್ನು ಎಚ್ಚರಿಸುವ ಪ್ರಯತ್ನ ಹಲವು ವರ್ಷಗಳಿಂದ ನಡೆದಿದೆ. ಬಹುಕಾಲ ಈ ಕಾಲರ್‌ಗಳು ದಕ್ಷಿಣ ಆಫ್ರಿಕಾ ಹಾಗೂ ಜರ್ಮನಿಯಿಂದ ಬರಬೇಕಿತ್ತು. ಒಂದರ ಬೆಲೆ ಸುಮಾರು 6.5 ಲಕ್ಷ ರೂಪಾಯಿ. 2025ರ ಮಾರ್ಚ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ‘ಕೆಪಿ ಟ್ರ್ಯಾಕರ್’ ಎಂಬ ಸ್ವದೇಶಿ ಕಾಲರ್ ಬಿಡುಗಡೆ ಮಾಡಿದರು. ಅರಣ್ಯ ಇಲಾಖೆ ಹಾಗೂ ಬೆಂಗಳೂರಿನ ಇನ್‌ಫಿಕ್ಷನ್ ಲ್ಯಾಬ್ಸ್ ಸೇರಿ ರೂಪಿಸಿದ ಇದರ ಬೆಲೆ ಸುಮಾರು 1.8 ಲಕ್ಷ ರೂಪಾಯಿ. ತೂಕವೂ ವಿದೇಶಿ ಕಾಲರ್‌ಗಿಂತ ಕಡಿಮೆ. ಇದು ಮೊಬೈಲ್ ಜಾಲದ ಮೂಲಕ ಮಾಹಿತಿ ಕಳುಹಿಸುವ ಸಾಧನ. ಅಂದರೆ ಆನೆಯ ಕೊರಳಲ್ಲಿರುವ ಆಂಟೆನಾ ಬೆಟ್ಟದಾಚೆಯ ಟವರನ್ನು ಮುಟ್ಟಿದರೆ ಮಾತ್ರ ಎಚ್ಚರಿಕೆ ಹೊರಡುತ್ತದೆ.

ಉದ್ದವೇ ಆಂಟೆನಾದ ಗುಟ್ಟು

ಆಂಟೆನಾ ಎಂದರೆ ಮೂಲತಃ ನಿರ್ದಿಷ್ಟ ಉದ್ದದ ಒಂದು ವಾಹಕ. ಅದರಲ್ಲಿ ವಿದ್ಯುತ್ ಪ್ರವಾಹ ಅತಿವೇಗದಿಂದ ಹಿಂದೆ ಮುಂದೆ ಓಲಾಡಿದಾಗ ರೇಡಿಯೊ ತರಂಗ ಹೊರಹೊಮ್ಮುತ್ತದೆ. ವೀಣೆಯ ತಂತಿಯ ಉದ್ದ ಬದಲಾದರೆ ಸ್ವರ ಬದಲಾಗುವಂತೆ, ಆಂಟೆನಾದ ಉದ್ದ ಬದಲಾದರೆ ಅದು ಸ್ಪಂದಿಸುವ ಕಂಪನಾಂಕವೂ ಬದಲಾಗುತ್ತದೆ. ಸಾಮಾನ್ಯವಾಗಿ ತರಂಗದೂರದ ಅರ್ಧ ಅಥವಾ ಕಾಲು ಭಾಗದಷ್ಟು ಉದ್ದ ಬೇಕು.

ವನ್ಯಜೀವಿ ಅಧ್ಯಯನದಲ್ಲಿ ಬಳಕೆಯಲ್ಲಿರುವ 150 ಮೆಗಾಹರ್ಟ್ಸ್ ತರಂಗದ ಉದ್ದ 2 ಮೀಟರ್. ಅದಕ್ಕೆ ಕಾಲು ಭಾಗವೆಂದರೂ ಅರ್ಧ ಮೀಟರ್ ಉದ್ದದ ತಂತಿ ಬೇಕು. ಮೊಬೈಲ್ ಬಳಸುವ 900 ಮೆಗಾಹರ್ಟ್ಸ್ ತರಂಗಕ್ಕೆ ಕಾಲು ಭಾಗ ಸುಮಾರು 8 ಸೆಂಟಿಮೀಟರ್. ಸ್ಥಳ ಗುರುತಿಸುವ ಜಿಪಿಎಸ್ ಉಪಗ್ರಹಗಳ 1575 ಮೆಗಾಹರ್ಟ್ಸ್ ಸಂಕೇತಕ್ಕೆ ಅದಕ್ಕಿಂತಲೂ ಚಿಕ್ಕದು ಸಾಕು. ಹೀಗೆ ಒಂದೇ ಕಾಲರ್‌ನಲ್ಲಿ ಒಂದಕ್ಕಿಂತ ಹೆಚ್ಚು ಆಂಟೆನಾಗಳಿರುವುದು ಸಾಮಾನ್ಯ.

ಬಾಗುವ ಆಂಟೆನಾ ನಗರವಾಸಿಗಳಿಗೂ ಹೊಸದೇನಲ್ಲ. ಕಾರಿನ ಮುಂಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್ ಅದೇ. 2021ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ ಕಡ್ಡಾಯವಾದ ಈ ಚೀಟಿಯೊಳಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ತೆಳು ಪದರದಿಂದ ಮೂಡಿಸಿದ ಆಂಟೆನಾ ಇದೆ. ಜೊತೆಗೆ ಕಡಲೆಕಾಳಿಗಿಂತ ಎಷ್ಟೋ ಚಿಕ್ಕದಾದ ಚಿಪ್ ಇದೆ, ಬ್ಯಾಟರಿ ಇಲ್ಲ. 865ರಿಂದ 867 ಮೆಗಾಹರ್ಟ್ಸ್ ವ್ಯಾಪ್ತಿಯ ಟೋಲ್ ಯಂತ್ರದ ತರಂಗದಿಂದಲೇ ಶಕ್ತಿ ಪಡೆದು ಅದು ಉತ್ತರಿಸುತ್ತದೆ. ಈ ತರಂಗದ ಅರ್ಧ ಉದ್ದ ಸುಮಾರು 17 ಸೆಂಟಿಮೀಟರ್. ಚಿಕ್ಕ ಚೀಟಿಯಲ್ಲಿ ಹಿಡಿಸಲೆಂದು ಗೆರೆಯನ್ನು ಘಾಟಿ ರಸ್ತೆಯ ತಿರುವುಗಳಂತೆ ಮಡಚಿ ಮಡಚಿ ಬರೆಯಲಾಗುತ್ತದೆ. ಅಂಟಿಸಿದ ಚೀಟಿಯನ್ನು ಕಿತ್ತರೆ ಈ ತೆಳು ಪದರ ಹರಿದು ಟ್ಯಾಗ್ ನಿರುಪಯುಕ್ತವಾಗುತ್ತದೆ. ಕದ್ದು ಬೇರೆ ವಾಹನಕ್ಕೆ ಅಂಟಿಸಬಾರದೆಂಬ ಕಾರಣಕ್ಕೆ ಹಾಗೆ ಮಾಡಲಾಗಿದೆ. ಒಮ್ಮೆ ಬಾಗಿಸಿ ಅಂಟಿಸಿದರೆ ಮುಗಿಯಿತು ಎನ್ನುವ ಕಡೆ ಈ ವಿಧಾನ ಸಾಕು. ದಿನಕ್ಕೆ ಸಾವಿರಾರು ಬಾರಿ ಬಾಗಬೇಕಾದ ಕಡೆ ಇದು ನಿಲ್ಲುವುದಿಲ್ಲ.

ಲೋಹವೂ ದಣಿಯುತ್ತದೆ

ಬೈಂಡಿಂಗ್ ತಂತಿಯನ್ನು ಕತ್ತರಿಸಲು ಕಟಿಂಗ್ ಪ್ಲೇಯರ್ ಇಲ್ಲದಿದ್ದರೆ ಎಲ್ಲರೂ ಮಾಡುವ ಉಪಾಯವೊಂದಿದೆ. ಒಂದೇ ಜಾಗದಲ್ಲಿ ಅತ್ತಿತ್ತ ಹತ್ತಾರು ಸಲ ಬಾಗಿಸಿದರೆ ತಂತಿ ತಾನಾಗಿ ತುಂಡಾಗುತ್ತದೆ. ಪ್ರತಿ ಬಾಗಿಗೂ ಲೋಹದೊಳಗಿನ ಹರಳುಗಳ ಜೋಡಣೆ ಕದಲಿ ಆ ಭಾಗ ಗಡುಸಾಗುತ್ತದೆ. ಬಳಿಕ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಬೆಳೆಯುತ್ತದೆ. ಎಂಜಿನಿಯರುಗಳು ಇದನ್ನು ಲೋಹದ ದಣಿವು ಎಂದೇ ಕರೆಯುತ್ತಾರೆ. ಆಂಟೆನಾದ ತಂತಿ ಬುಡದಲ್ಲಿ ಮುರಿದರೆ ಉಪಕರಣ ಕೆಲಸ ಮಾಡುತ್ತಿದ್ದರೂ ಅದರ ಧ್ವನಿ ಹೊರಗೆ ಬಾರದು.

ಇದಕ್ಕೆ ಹಳೆಯ ಮದ್ದು ಸರಳವಾದುದು. ಒಂದು ದಪ್ಪ ತಂತಿಯ ಬದಲು ಅನೇಕ ತೆಳು ಎಳೆಗಳನ್ನು ಹೊಸೆದು ಬಳಸುವುದು. ಎಳೆ ತೆಳುವಾದಷ್ಟೂ ಬಾಗಿದಾಗ ಅದರ ಮೇಲೆ ಬೀಳುವ ಒತ್ತಡ ಕಡಿಮೆ. ವನ್ಯಜೀವಿಗಳ ಕಾಲರ್‌ಗಳಲ್ಲಿ ಇಂಥ ತಂತಿಯನ್ನು ದಪ್ಪ ಪಟ್ಟಿಯ ಎರಡು ಪದರಗಳ ನಡುವೆ ಹುದುಗಿಸಿ ಹೊಲಿಯುವ ಕ್ರಮ ಇದೆ. ಆನೆಯ ಕಾಲರ್‌ನಲ್ಲಿ ಕೊರಳ ಕೆಳಗೆ ತೂಕದ ಗುಂಡು ಇಟ್ಟು, ಉಪಕರಣದ ಭಾಗ ಸದಾ ಮೇಲೆಯೇ ನಿಂತು ಆಕಾಶ ನೋಡುವಂತೆ ಮಾಡಲಾಗುತ್ತದೆ.

ಇನ್ನೂ ಕಠಿಣವಾದ ಪರೀಕ್ಷೆ ನಡೆದದ್ದು ಚಿಕ್ಕಮಗಳೂರು ಜಿಲ್ಲೆಯ ನೆರೆಯಲ್ಲಿರುವ ಆಗುಂಬೆಯಲ್ಲಿ. ರೋಮುಲಸ್ ವಿಟೇಕರ್ ಅವರು 2005ರಲ್ಲಿ ಸ್ಥಾಪಿಸಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ 2008ರಲ್ಲಿ ಕಾಳಿಂಗ ಸರ್ಪಗಳ ಚಲನವಲನವನ್ನು ರೇಡಿಯೊ ಮೂಲಕ ಅರಿಯುವ ಅಧ್ಯಯನ ಆರಂಭವಾಯಿತು. ಹಾವಿಗೆ ಕೊರಳಪಟ್ಟಿ ಕಟ್ಟಲಾಗದು, ಜಾರಿಹೋಗುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸೆಯ ಮೂಲಕ ಪುಟ್ಟ ಪ್ರೇಷಕವನ್ನು ದೇಹದೊಳಗೆ ಇರಿಸಬೇಕು. ಹಾವುಗಳ ಅಧ್ಯಯನದಲ್ಲಿ ರೂಢಿಯಲ್ಲಿರುವ ಈ ವಿಧಾನದಲ್ಲಿ ಪ್ರೇಷಕದ ಆಂಟೆನಾ ಚರ್ಮದ ಕೆಳಗೆ ಉದ್ದಕ್ಕೆ ಮಲಗಿರುತ್ತದೆ. ಹಾವು ಪ್ರತಿ ಬಾರಿ ಬಳುಕಿದಾಗಲೂ ತಂತಿ ಬಳುಕಬೇಕು, ಆದರೆ ಒಳಗಿನ ಅಂಗಾಂಶಕ್ಕೆ ಚುಚ್ಚಬಾರದು. ಬಾಗುವ ಆಂಟೆನಾದ ಅಗತ್ಯವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ಸಿಗುವುದು ಕಷ್ಟ.

ಚರ್ಮದಷ್ಟೇ ಸಾಕು

ಹೊಸ ವಸ್ತುಗಳ ಹುಡುಕಾಟಕ್ಕೆ ದಾರಿ ಮಾಡಿಕೊಟ್ಟದ್ದು ಭೌತಶಾಸ್ತ್ರದ ಒಂದು ಹಳೆಯ ಅರಿವು. ಕಂಪನಾಂಕ ಹೆಚ್ಚಿದಂತೆ ವಿದ್ಯುತ್ ಪ್ರವಾಹ ಲೋಹದ ಒಳಭಾಗವನ್ನು ಬಿಟ್ಟು ಮೇಲ್ಮೈಯಲ್ಲಿಯೇ ಹರಿಯತೊಡಗುತ್ತದೆ. ಮೊಬೈಲ್ ತರಂಗಗಳ ಮಟ್ಟದಲ್ಲಿ ತಾಮ್ರದಲ್ಲಿ ಪ್ರವಾಹದ ಬಹುಪಾಲು ಸುಮಾರು 2 ಮೈಕ್ರೊಮೀಟರ್ ಆಳದ ಪದರದಲ್ಲಿಯೇ ಹರಿಯುತ್ತದೆ. ಇದು ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಭಾಗ ಮಾತ್ರ. ಒಳಗಿನ ಲೋಹವೆಲ್ಲ ಆಂಟೆನಾದ ಪಾಲಿಗೆ ಹೊರೆಯೇ ಸರಿ.

ಹಾಗಾದರೆ ರಬ್ಬರ್, ಬಟ್ಟೆ ಅಥವಾ ಪ್ಲಾಸ್ಟಿಕ್ ಮೇಲೆ ತೆಳುವಾದ ವಾಹಕ ಪದರ ಬಳಿದರೆ ಸಾಲದೇ? ಬೆಳ್ಳಿಯ ಕಣಗಳುಳ್ಳ ಶಾಯಿಯಿಂದ ಆಂಟೆನಾ ಮುದ್ರಿಸುವ ತಂತ್ರ ಈ ಆಲೋಚನೆಯಿಂದಲೇ ಹುಟ್ಟಿತು. ಬೆಳ್ಳಿಯ ನೂಲಿನಂಥ ಸೂಕ್ಷ್ಮ ಎಳೆಗಳನ್ನು ರಬ್ಬರಿನಲ್ಲಿ ಹರಡಿ, ಎಳೆದಾಗಲೂ ಒಂದಕ್ಕೊಂದು ತಾಗಿರುವಂತೆ ಮಾಡುವುದು ಇನ್ನೊಂದು ಬಗೆ.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಜಿ.ಯು. ಕುಲಕರ್ಣಿ ಹಾಗೂ ಅವರ ಸಂಗಡಿಗರು ಕಂಡುಕೊಂಡ ವಿಧಾನ ಕುತೂಹಲಕರವಾಗಿದೆ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಬಿರುಕು ಬಿಡುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಗಾಜು ಅಥವಾ ಪ್ಲಾಸ್ಟಿಕ್ ಮೇಲೆ ಬಳಿದ ಪದರ ಒಣಗಿ ಬಿರುಕು ಬಿಟ್ಟ ಮೇಲೆ ಅದರ ಮೇಲೆ ಲೋಹವನ್ನು ಕೂರಿಸಲಾಗುತ್ತದೆ. ನಂತರ ಪದರವನ್ನು ತೊಳೆದರೆ ಬಿರುಕುಗಳಲ್ಲಿ ಕುಳಿತ ಲೋಹ ಮಾತ್ರ ಬಲೆಯಾಗಿ ಉಳಿಯುತ್ತದೆ. ಬೆಳಕು ಹಾಯುವ, ವಿದ್ಯುತ್ತೂ ಹರಿಯುವ ಹಾಳೆ ಸಿದ್ಧವಾಗುತ್ತದೆ. ಪಾರದರ್ಶಕ ವಿದ್ಯುದ್ವಾರಗಳಿಗಾಗಿ ರೂಪುಗೊಂಡ ಕೆಲಸವಿದು. ಲೋಹವನ್ನು ಅಖಂಡ ಹಾಳೆಯಾಗಿ ಇಡದೆ ಬಲೆಯಾಗಿ ಹರಡುವ ತತ್ವ ಬಾಗುವ ಆಂಟೆನಾಗಳಿಗೂ ಹೊಂದುತ್ತದೆ.

ಅಮೆರಿಕದ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಟೈಟಾನಿಯಂ ಕಾರ್ಬೈಡ್‌ನ ಅತಿ ತೆಳು ಹಾಳೆಗಳನ್ನು ನೀರಿನಲ್ಲಿ ಬೆರೆಸಿ, ಬಣ್ಣ ಹೊಡೆಯುವಂತೆ ಸಿಂಪಡಿಸಿ ಆಂಟೆನಾ ಮೂಡಿಸಿದರು. ಮೆಕ್ಸೀನ್ ಎಂಬ ವರ್ಗಕ್ಕೆ ಸೇರಿದ ಈ ವಸ್ತು 0.1 ಮೈಕ್ರೊಮೀಟರ್‌ನಷ್ಟು ತೆಳುವಿದ್ದರೂ ಆಂಟೆನಾದಂತೆ ವರ್ತಿಸಿತು. ಆದರೆ ತೇವ ಹಾಗೂ ಆಮ್ಲಜನಕ ತಾಗಿದರೆ ಮೆಕ್ಸೀನ್ ಕ್ರಮೇಣ ಉತ್ಕರ್ಷಣಗೊಂಡು ಕೆಡುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ಭದ್ರವಾದ ಹೊದಿಕೆಯಿಲ್ಲದೆ ಇದನ್ನು ಬಳಸುವಂತಿಲ್ಲ. ಬೆಳ್ಳಿಯ ಶಾಯಿಗೂ ತೇವಾಂಶ ಶತ್ರುವೇ.

ಮುರಿಯಲು ಏನೂ ಇಲ್ಲದ ಲೋಹ

ಘನ ಲೋಹ ಬಾಗಿದಾಗ ಬಿರುಕು ಬಿಡುತ್ತದೆ ಎನ್ನುವುದೇ ಸಮಸ್ಯೆಯಾದರೆ ದ್ರವ ಲೋಹವನ್ನೇ ಬಳಸಬಾರದೇಕೆ? ದ್ರವದಲ್ಲಿ ಮುರಿಯಲು ಏನೂ ಇರುವುದಿಲ್ಲ. ಹಳೆಯ ಥರ್ಮಾಮೀಟರ್‌ಗಳಲ್ಲಿ ಕಾಣುತ್ತಿದ್ದ ಪಾದರಸ ಎಲ್ಲರಿಗೂ ಪರಿಚಿತ. ಆದರೆ ಅದು ವಿಷ. ಅದಕ್ಕೆ ಬದಲಾಗಿ ವಿಜ್ಞಾನಿಗಳು ಆರಿಸಿಕೊಂಡದ್ದು ಗ್ಯಾಲಿಯಂ.

1871ರಲ್ಲಿ ಮೆಂಡಲೀವ್ ಇಂಥ ಧಾತುವೊಂದು ಇರಲೇಬೇಕೆಂದು ಊಹಿಸಿದ್ದರು. 1875ರಲ್ಲಿ ಫ್ರಾನ್ಸಿನಲ್ಲಿ ಅದು ಪತ್ತೆಯಾಯಿತು. ಸುಮಾರು 29.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಲೋಹ ಅಂಗೈಯಲ್ಲಿ ಹಿಡಿದರೆ ನೀರಾಗುತ್ತದೆ. ತೂಕದಲ್ಲಿ 75 ಪಾಲು ಗ್ಯಾಲಿಯಂಗೆ 25 ಪಾಲು ಇಂಡಿಯಂ ಬೆರೆಸಿದರೆ ಮಿಶ್ರಲೋಹದ ಕರಗುಬಿಂದು ಸುಮಾರು 15.5 ಡಿಗ್ರಿಗೆ ಇಳಿಯುತ್ತದೆ. ಅದರ ವಿದ್ಯುತ್ ವಾಹಕತೆ ತಾಮ್ರದ ಹದಿನೇಳನೆಯ ಒಂದು ಪಾಲು. ಕಡಿಮೆ ಎನಿಸಿದರೂ ಆಂಟೆನಾಗೆ ಸಾಕಷ್ಟಾಯಿತು.

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಡಿಕಿ ಹಾಗೂ ಸಂಗಡಿಗರು 2009ರಲ್ಲಿ ಈ ದ್ರವವನ್ನು ಸಿಲಿಕೋನ್ ರಬ್ಬರಿನಲ್ಲಿ ಕೊರೆದ ಕೂದಲಿನಂಥ ಕಾಲುವೆಗಳಿಗೆ ತುಂಬಿ ಆಂಟೆನಾ ತಯಾರಿಸಿದರು. ಅದು ತನಗೆ ಕೊಟ್ಟ ಶಕ್ತಿಯ ಸುಮಾರು 90 ಶೇಕಡಾ ಭಾಗವನ್ನು ತರಂಗವಾಗಿ ಹೊರಸೂಸಿತು. ಸುತ್ತಿದರೂ ಎಳೆದರೂ ಕೈಬಿಟ್ಟೊಡನೆ ಮೊದಲಿನ ರೂಪಕ್ಕೆ ಮರಳಿತು. ಹರಿತವಾದ ಅಲಗಿನಿಂದ ಕೊಯ್ದಾಗಲೂ ದ್ರವ ಮತ್ತೆ ಕೂಡಿಕೊಂಡಿತು.

ಇದರ ಹಿಂದಿರುವುದು ಗ್ಯಾಲಿಯಂ ಮೇಲೆ ಗಾಳಿಯಲ್ಲಿ ಕ್ಷಣಮಾತ್ರದಲ್ಲಿ ಮೂಡುವ ಆಕ್ಸೈಡ್ ಪೊರೆ. ಕೆಲವೇ ನ್ಯಾನೊಮೀಟರ್ ದಪ್ಪದ ಈ ಪೊರೆ ಕಾಯಿಸಿದ ಹಾಲಿನ ಕೆನೆಯಂತೆ ದ್ರವವನ್ನು ಹಿಡಿದಿಡುತ್ತದೆ. ಪಾದರಸದಂತೆ ಗುಂಡುಗುಂಡಾಗಿ ಒಡೆದು ಓಡದೆ ಲೋಹ ಕಾಲುವೆಯಲ್ಲಿ ಗೆರೆಯಾಗಿಯೇ ನಿಲ್ಲುತ್ತದೆ.

ದ್ರವ ಆಂಟೆನಾಗೆ ಲೋಹವೇ ಬೇಕೆಂದೂ ಇಲ್ಲ. ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ ಸಂಸ್ಥೆ 2016ರಲ್ಲಿ ಸಮುದ್ರದ ನೀರನ್ನು ಕಾರಂಜಿಯಂತೆ ಚಿಮ್ಮಿಸಿ ಅದನ್ನೇ ಆಂಟೆನಾ ಆಗಿ ಬಳಸಿ ತೋರಿಸಿತು. ಉಪ್ಪುನೀರಿನ ವಾಹಕತೆ ತಾಮ್ರದ ಸುಮಾರು ಒಂದು ಕೋಟಿಯಲ್ಲಿ ಒಂದು ಪಾಲು. ಅಷ್ಟು ದುರ್ಬಲ ವಾಹಕಕ್ಕೆ ದಪ್ಪನೆಯ ನೀರಿನ ಕಂಬವೇ ಬೇಕಾಗುತ್ತದೆ. ಆನೆಯ ಕೊರಳಿಗೆ ಅದು ಒಗ್ಗದು.

ಬೆಟ್ಟದ ಚಳಿ, ಎಳೆತ, ಬೆಲೆ

ಪ್ರಯೋಗಾಲಯದಲ್ಲಿ ಗೆದ್ದದ್ದು ಕಳಸದ ಬೆಟ್ಟಗಳಲ್ಲಿ ಗೆಲ್ಲುವುದೆಂದೇನೂ ಇಲ್ಲ. ಮೊದಲನೆಯ ತೊಡಕು ಚಳಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಗಿರಿಶ್ರೇಣಿಯ ತೋಟಗಳಲ್ಲಿ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಲ್ಲ. ಗ್ಯಾಲಿಯಂ–ಇಂಡಿಯಂ ಮಿಶ್ರಣ ಹೆಪ್ಪುಗಟ್ಟಬಹುದಾದ ಗಡಿಯೂ ಅದೇ. ಸಣ್ಣ ಕಾಲುವೆಯಲ್ಲಿರುವ ದ್ರವ ಆ ಗಡಿ ದಾಟಿಯೂ ಕೆಲಕಾಲ ದ್ರವವಾಗಿಯೇ ಉಳಿಯುವುದುಂಟು. ಆದರೆ ಒಮ್ಮೆ ಹೆಪ್ಪುಗಟ್ಟಿದರೆ ಅದೂ ಬಾಗಲಾರದ ಲೋಹವೇ. ತವರ ಸೇರಿಸಿ ಕರಗುಬಿಂದುವನ್ನು ಇನ್ನಷ್ಟು ಇಳಿಸುವುದು ಇದಕ್ಕೆ ಒಂದು ಪರಿಹಾರ. ಪ್ರಾಣಿಯ ಮೈಶಾಖಕ್ಕೆ ತಾಗಿಕೊಂಡಂತೆ ಇರಿಸುವುದು ಇನ್ನೊಂದು.

ಎರಡನೆಯದು ಎಳೆತ. ರಬ್ಬರ್ ಹಿಗ್ಗಿದರೆ ಆಂಟೆನಾ ಉದ್ದವಾಗುತ್ತದೆ. ಉದ್ದವಾದರೆ ಅದರ ಶ್ರುತಿ ಇಳಿಯುತ್ತದೆ. ಎಷ್ಟು ಎಳೆಯಲಾಗಿದೆ ಎಂದು ಅಳೆಯುವ ಉಪಕರಣಕ್ಕೆ ಇದೇ ಗುಣ ಒಂದು ವರ. ಹಗ್ಗ, ಸೇತುವೆಗಳ ಬಿಗಿತ ಅಳೆಯಲು ಇದನ್ನು ಬಳಸಬಹುದು. ನಿರ್ದಿಷ್ಟ ಕಂಪನಾಂಕದಲ್ಲಿಯೇ ಮಾತನಾಡಬೇಕಾದ ಕಾಲರ್‌ಗೆ ಇದು ಶಾಪ. ಆದ್ದರಿಂದ ಪಟ್ಟಿ ಬಾಗಬೇಕು, ಹಿಗ್ಗಬಾರದು.

ಮೂರನೆಯದು ಗ್ಯಾಲಿಯಂನ ಸ್ವಭಾವ. ಅಲ್ಯೂಮಿನಿಯಂಗೆ ತಾಗಿದರೆ ಅದು ಹರಳುಗಳ ನಡುವೆ ಇಳಿದು ಆ ಲೋಹವನ್ನು ಪುಡಿಯಾಗುವಷ್ಟು ಬಲಹೀನಗೊಳಿಸುತ್ತದೆ. ಕಾಲರ್‌ನ ಬೇರಾವ ಭಾಗದಲ್ಲಿಯೂ ಅಲ್ಯೂಮಿನಿಯಂ ಅದಕ್ಕೆ ಸಿಗದಂತೆ ನೋಡಿಕೊಳ್ಳಬೇಕು. ಘನ ತಂತಿ ಹಾಗೂ ದ್ರವ ಕೂಡುವ ಜಾಗವೇ ಮತ್ತೆ ದುರ್ಬಲ ಕೊಂಡಿಯಾಗುವ ಅಪಾಯವೂ ಇದೆ.

ಬೆಲೆಯ ಪ್ರಶ್ನೆಯೂ ಸಣ್ಣದಲ್ಲ. ಗ್ಯಾಲಿಯಂಗೆ ಪ್ರತ್ಯೇಕ ಗಣಿಯಿಲ್ಲ. ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆಯುವಾಗ ಉಪ ಉತ್ಪನ್ನವಾಗಿ ದೊರೆಯುತ್ತದೆ. ಜಗತ್ತಿನ ಉತ್ಪಾದನೆಯ ಬಹುಪಾಲು ಚೀನಾದ ಕೈಯಲ್ಲಿದೆ. 2023ರ ಆಗಸ್ಟ್‌ನಿಂದ ಆ ದೇಶ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಒಂದು ಆಂಟೆನಾಗೆ ಬೇಕಾಗುವುದು ತೀರಾ ಅಲ್ಪ ಪ್ರಮಾಣವಾದ್ದರಿಂದ ಕಾಲರ್‌ನ ಬೆಲೆಗೆ ಹೋಲಿಸಿದರೆ ಇದು ಹೊರೆಯಾಗಲಾರದು. ಪೂರೈಕೆ ನಿಂತರೆ ಮಾತ್ರ ತೊಂದರೆ.

ವಸ್ತುವೊಂದೇ ಉತ್ತರವಲ್ಲ

ಆಂಟೆನಾ ಎಂಥ ವಸ್ತುವಿನಿಂದ ಮಾಡಿದ್ದಾದರೂ ಅದರ ಸುತ್ತಲಿನ ಪರಿಸರ ಅದರ ಗುಣವನ್ನು ಬದಲಿಸುತ್ತದೆ. ಜೀವಿಯ ದೇಹವೆಂದರೆ ಬಹುಮಟ್ಟಿಗೆ ಉಪ್ಪುನೀರು. ಅದಕ್ಕೆ ಅಂಟಿಕೊಂಡ ಆಂಟೆನಾದ ಶ್ರುತಿ ಕೆಡುತ್ತದೆ. ಶಕ್ತಿಯ ಒಂದು ಭಾಗ ದೇಹದಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಆನೆ ಕೆಸರು ಎರಚಿಕೊಂಡಾಗ ಪರಿಸ್ಥಿತಿ ಮತ್ತಷ್ಟು ಬಿಗಡಾಯಿಸುತ್ತದೆ. ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಕಾಫಿ ಗಿಡ ಹೀಗೆ ಅಂತಸ್ತು ಅಂತಸ್ತಾಗಿ ಬೆಳೆದ ತೋಟದಲ್ಲಿ ಮಳೆಗೆ ನೆನೆದ ಎಲೆಗಳು ತರಂಗವನ್ನು ಹೀರುತ್ತವೆ. ಕಂಪನಾಂಕ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು.

ಇವೆಲ್ಲವನ್ನೂ ದಾಟಿ ಬಂದ ಸಂಕೇತಕ್ಕೆ ಎದುರಾಗುವುದು ಬೆಟ್ಟ. ಕಳಸದಂಥ ಕಡಿದಾದ ಕಣಿವೆಗಳಲ್ಲಿ ಗುಡ್ಡದ ಮರೆಯಾದರೆ ಮೊಬೈಲ್ ಸಿಗ್ನಲ್ ಇಲ್ಲ. ಮೊಬೈಲ್ ಜಾಲವನ್ನೇ ನಂಬಿದ ಕಾಲರ್ ಅಲ್ಲಿ ಸ್ಥಳದ ಮಾಹಿತಿಯನ್ನು ಕೂಡಿಟ್ಟುಕೊಂಡು, ಆನೆ ಸಿಗ್ನಲ್ ಇರುವ ಕಡೆ ಬಂದಾಗ ಕಳುಹಿಸಬೇಕಾಗುತ್ತದೆ. ಸಂಶೋಧಕರಿಗೆ ತಡವಾದ ಮಾಹಿತಿಯೂ ಉಪಯುಕ್ತವೇ. ಬೆಳಿಗ್ಗೆ ಏಳು ಗಂಟೆಗೆ ತೋಟಕ್ಕೆ ಇಳಿಯುವ ಕಾರ್ಮಿಕರಿಗೆ ಮಧ್ಯಾಹ್ನ ಬಂದ ಸಂದೇಶದಿಂದ ಪ್ರಯೋಜನವಿಲ್ಲ.

ಸದ್ಯಕ್ಕಂತೂ ಆನೆಯ ಕೊರಳಿಗೆ ನಂಬಿಕಸ್ಥ ಸಂಗಾತಿಗಳೆಂದರೆ ದಪ್ಪ ಪಟ್ಟಿ ಹಾಗೂ ಅದರೊಳಗೆ ಹುದುಗಿದ ಹೊಸೆದ ತಂತಿ. ಮುದ್ರಿತ ಆಂಟೆನಾ ಈಗಾಗಲೇ ಕಾರಿನ ಗಾಜಿನ ಮೇಲೆ ಕುಳಿತಿದೆ. ದ್ರವಲೋಹ ಇನ್ನೂ ಬಹುಮಟ್ಟಿಗೆ ಪ್ರಯೋಗಾಲಯದ ಸೊತ್ತು. ಅದು ಹೊರಬಂದು ಕಾಲರ್‌ಗಳನ್ನು ಸೇರಿದರೆ ಆಂಟೆನಾ ತುಂಡಾಗಿ ಮೌನವಾಗುವ ಒಂದು ಕಾರಣವಾದರೂ ಕಡಿಮೆಯಾದೀತು. ಕಣಿವೆಗಳಿಗೆ ಟವರ್ ತಲುಪಿಸುವ ಕೆಲಸವನ್ನು ಮಾತ್ರ ಯಾವ ಲೋಹವೂ ಮಾಡಿಕೊಡದು. ತೋಟಕ್ಕೆ ಇಳಿಯುವ ಮುನ್ನವೇ ಎಚ್ಚರಿಕೆ ಬರಬೇಕಾದರೆ ಎರಡೂ ಬೇಕು.